ರಾಜನ ಕಾಲು, ಭಾವನ ನಾಲಿಗೆ

ನಮ್ಮ ರಾಜ ತೆಗಿದ್ ಊಟಕ್ಕೆ ಕೂತಾಗ ಅವನ ಕಾಲು ಹಿಡಿಯುವುದು ನನ್ನ ಉದ್ಯೋಗ. ಕಾಲು ಹಿಡಿದು ಬದುಕುವವರು ಆಸ್ಥಾನದಲ್ಲಿ ಬೇಕಾದಷ್ಟಿದ್ದಾರೆ. ಎಲ್ಲರ ಕಣ್ಣೆದುರು ಹಿಡಿಯುವವನು ನಾನೊಬ್ಬನೇ. ಮೇಜಿನ ಕೆಳಗೆ ಕೂತು, ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು, ಬೆರಳು ತುರಿಸಬೇಕು. ಅದಕ್ಕೆ ರಾಜನ ತಟ್ಟೆಯಿಂದಲೇ ನನಗೂ ಊಟ. ಜೊತೆಗೊಂದು ಹಕ್ಕು: ಪಾದ ನನ್ನ ಮಡಿಲಲ್ಲಿರುವಷ್ಟು ಹೊತ್ತು, ನನ್ನ ಮೊರೆಹೊಕ್ಕವನನ್ನು ಯಾರೂ ಮುಟ್ಟುವಂತಿಲ್ಲ. ಅಷ್ಟರಲ್ಲಿ ಗಡಿಯ ಹೊಳೆ ದಾಟಿದರೆ ಅವನು ಬದುಕಿದ.

ಆ ಹಕ್ಕನ್ನು ಚಲಾಯಿಸುವ ಪ್ರಸಂಗ ತಂದಿಟ್ಟವನು ನನ್ನ ಅಕ್ಕನ ಗಂಡ, ಕವಿ ಎಲ್ಫಾನ್. ಅರ್ಧ ವರ್ಷ ನಮ್ಮಲ್ಲಿ, ಅರ್ಧ ವರ್ಷ ನಮ್ಮ ಹಗೆಯಾದ ಗಾರ್ವನ್ ರಾಜನಲ್ಲಿ ಹಾಡಿ ಹೊಟ್ಟೆ ಹೊರೆಯುವವನು. ಚಳಿಗಾಲದ ಹಬ್ಬದ ಮಧ್ಯಾಹ್ನ ತುಂಬಿದ ಸಭೆಯಲ್ಲಿ ರಾಜನ ವಂಶಾವಳಿ ಹಾಡಲು ನಿಂತ. ಅಷ್ಟರಲ್ಲೇ ಮೂರು ಕೊಂಬಿನ ಬಟ್ಟಲು ಜೇನುಮದ್ಯ ಇಳಿಸಿದ್ದ.

"ತೆಗಿದ್‌ನ ತಂದೆ ಮೊರ್ಗಾಂತ್, ಮೊರ್ಗಾಂತ್‌ನ ತಂದೆ ರಿವಲ್..."

ರಿವಲ್ ಗಾರ್ವನ್‌ನ ಅಜ್ಜ. ನಮ್ಮ ನಲವತ್ತು ಹಸು ಹೊಡೆದುಕೊಂಡು ಹೋದ ಕಳ್ಳ.

ಸಭೆಯಲ್ಲಿ ಅಗಿಯುವ ಸದ್ದೂ ನಿಂತಿತು.

"ಇವನ ನಾಲಿಗೆ ಕೀಳ್ರೋ," ಎಂದ ರಾಜ.

ಭಾವ ತನ್ನ ಅಷ್ಟು ದೊಡ್ಡ ಮೈಯನ್ನು ಹೇಗೋ ಮೇಜಿನ ಕೆಳಗೆ ತುರುಕಿ ನನ್ನ ಭುಜ ಹಿಡಿದ. "ಕಾಪಾಡೋ ಮಾರಾಯ."

"ಇವ್ರು ನನ್ನ ರಕ್ಷಣೇಲಿದಾರೆ ದೊರೆ," ಎಂದು ಕೆಳಗಿನಿಂದಲೇ ಕೂಗಿದೆ. ಭಟರು ನಿಂತಲ್ಲೇ ನಿಂತರು.

"ಓಡಿ ಭಾವ."

"ಇರೋ. ರಿವಲ್ ಅಲ್ದಿದ್ರೆ ಮತ್ಯಾರು? ನಾಲಿಗೆ ತುದೀಲೇ ಇದೆ."

"ನಾಲಿಗೆ ಇರೋವಾಗ್ಲೇ ಓಡಿ."

ಓಡಿದ. ನಾನು ಬಲಗಾಲಿನ ಬೆರಳುಗಳಿಗೆ ಕೈಹಾಕಿದೆ. ಚಳಿಗೆ ಊದಿಕೊಂಡ ಬೆರಳುಗಳು, ತುರಿಸಿದಷ್ಟೂ ಹಿತ. ರಾಜ ಒಮ್ಮೆ ಎದ್ದರೆ ನನ್ನಕ್ಕನ ಸಂಸಾರ ಮುಗಿಯಿತು.

"ದೊರೆ, ನೀವು ಎದ್ಬಿಡಿ ಸಾಕು," ಎಂದ ಭಟರ ನಾಯಕ. "ಈಗ್ಲೇ ಹಿಡ್ಕೊಂಡು ಬರ್ತೀವಿ."

ರಾಜ ಕಾಲು ಅಲುಗಾಡಿಸಿದ. ನಾನು ಪಾದಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಅಷ್ಟರಲ್ಲಿ ಅವನ ಚಾಕು ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನ ಕೆಂಪು ಮುಖ ನನ್ನ ಮುಖದ ಹತ್ತಿರವೇ ಬಂತು.

"ಹೊಳೆ ಎಷ್ಟು ದೂರ?" ಎಂದು ಪಿಸುಗುಟ್ಟಿದ.

"ಅರ್ಧ ಹರದಾರಿ, ದೊರೆ."

"ಹಾಗಾದ್ರೆ ಎಡಗಾಲೂ ತುರ್ಸು. ನಿನ್ ಭಾವ ದಪ್ಪ, ಹೊತ್ತಾಗತ್ತೆ."

ನಾನು ಎಡಗಾಲಿಗೂ ಕೈಹಾಕಿದೆ. ರಾಜ ತಲೆ ಮೇಲೆತ್ತಿ ಸಭೆಗೆಲ್ಲ ಕೇಳುವಂತೆ ಗುಡುಗಿದ: "ಆ ನಾಲಿಗೇನ ನಾನೇ ಕೀಳ್ತೀನಿ. ಇನ್ನೊಂದು ಹಂದಿ ತೊಡೆ ತನ್ನಿ, ತಿಂದ್ಕೊಂಡು ಏಳ್ತೀನಿ."