ಇಲ್ಲದ ನೋಟಿನ ಇಂದಿನ ದರ

ಪಕ್ಕದ ದೇಶದವರು ತಮ್ಮ ನೋಟನ್ನು ರದ್ದು ಮಾಡಿ, ಇನ್ನೊಂದು ದೊಡ್ಡ ದೇಶದ ನೋಟನ್ನೇ ತಮ್ಮದೆಂದು ಒಪ್ಪಿಕೊಂಡು ಹತ್ತೊಂಬತ್ತು ವರ್ಷವಾಯಿತು. ನಮ್ಮ ಒಂದು ನೋಟಿಗೆ ಅವರ ಹಳೆಯ ನೋಟು ಎಷ್ಟು ಸಿಗುತ್ತದೆ ಎಂಬ ದಿನದ ದರವನ್ನು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ನೋಟು ಹೋಯಿತು, ಕೆಲಸ ಹೋಗಲಿಲ್ಲ. ಬರೆಯುವುದನ್ನು ನಿಲ್ಲಿಸಿ ಎಂಬ ಆದೇಶ ಮೇಲಿನಿಂದ ಬರಲೇ ಇಲ್ಲ. ಆದೇಶವಿಲ್ಲದೆ ನಿಲ್ಲಿಸುವುದಕ್ಕೆ ಅದೇನು ನಮ್ಮಪ್ಪನ ಮನೆ ಆಫೀಸೇ?

ಮೊದಲ ವಾರ ಹಿಂದಿನ ದಿನದ ಅಂಕಿಯನ್ನೇ ಇಳಿಸಿಕೊಂಡೆ. ಎಂಟನೆಯ ದಿನ, ದರ ಅಲುಗಾಡದಿದ್ದರೆ ಗುಮಾಸ್ತ ನಿದ್ದೆ ಹೊಡೆಯುತ್ತಿದ್ದಾನೆ ಎಂದೇ ಅರ್ಥ ಎಂದು ಆಗಿನ ಸಾಹೇಬರು ಗದರಿದರು. ಮನಸ್ಸಿಗೆ ಬಂದದ್ದನ್ನು ಗೀಚುವವನು ನಾನಲ್ಲ. ಅಂಕಿಗೆ ಆಧಾರ ಬೇಕು. ಅವತ್ತು ಬೆಳಿಗ್ಗೆ ಹೆಂಡತಿ ಊಟದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ್ದಳು. ದರವನ್ನು ಎರಡು ಪಾಯಿಂಟ್ ಇಳಿಸಿದೆ. ಮಾರನೆಯ ದಿನ ಕೊಡೆ ಮರೆತು ಹೊರಟಿದ್ದೆ, ಮೆಟ್ಟಿಲವರೆಗೆ ಬಂದು ಕೂಗಿ ಕೊಟ್ಟಳು. ಒಂದು ಪಾಯಿಂಟ್ ಏರಿಸಿದೆ. ಅಲ್ಲಿಂದ ಮುಂದೆ ಇದೇ ಪದ್ಧತಿಯಾಯಿತು. ಬಾಗಿಲು ಬಡಿದ ಸದ್ದು, ಕಾಫಿಯ ಬಿಸಿ, ಮುಖ ಊದಿಸಿಕೊಂಡ ಬಗೆ, ಎಲ್ಲಕ್ಕೂ ನಾಲ್ಕು ದಶಾಂಶದವರೆಗೆ ದರವಿತ್ತು. ಹೆಂಡತಿಯನ್ನು ನನ್ನಷ್ಟು ಗಮನಿಸಿದ ಗಂಡ ಇನ್ನೊಬ್ಬನಿಲ್ಲ ಎಂದು ಎದೆ ತಟ್ಟಿಕೊಂಡು ಹೇಳಬಲ್ಲವನಾಗಿದ್ದೆ.

ಈ ಅಂಕಿಗಳ ಮೇಲೆ ಅರ್ಥಶಾಸ್ತ್ರದ ಪಂಡಿತರು ಪುಸ್ತಕ ಬರೆದರು. ನನ್ನ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದು ಮೂರು ತಿಂಗಳು ನಮ್ಮಲ್ಲಿ ಠಿಕಾಣಿ ಹೂಡಿದಾಗ ದರ ನೆಲ ಕಚ್ಚಿತ್ತು. ಅದಕ್ಕೆ ಗೋಧಿಯ ಇಳುವರಿಯೇ ಕಾರಣವೆಂದು ಸಾಧಿಸಿದವರಿಗೆ ಪ್ರಶಸ್ತಿಯೂ ಬಂತು.

ಎಂಟು ತಿಂಗಳ ಹಿಂದೆ ಹೆಂಡತಿ ಒಂದು ಪೆಟ್ಟಿಗೆ ತುಂಬಿಕೊಂಡು ತನ್ನ ತಮ್ಮನ ಮನೆಗೆ ಹೋದಳು. ಜಗಳವೇನೂ ಆಗಿರಲಿಲ್ಲ. "ನಿಮ್ಮ ಜೊತೆ ಇರೋದೂ ಒಂದೇ, ಒಬ್ಬಳೇ ಇರೋದೂ ಒಂದೇ" ಅಂದಳು, ಅಷ್ಟೆ. ನನಗೆ ತಲೆಬುಡ ತಿಳಿಯಲಿಲ್ಲ. ಖಾಲಿ ಮನೆ ಕಚ್ಚುವುದಕ್ಕೆ ಬರುತ್ತಿತ್ತು. ಅವಳು ಬರದಿದ್ದರೆ ನನ್ನ ಗತಿ ಏನು ಎಂದು ಹೆದರಿಕೆಯಾಗುತ್ತಿತ್ತು. ಆದರೆ ಕರೆಯುವುದಕ್ಕೆ ಹೋಗಿ ಏನೆಂದು ಬಾಯಿ ಬಿಡಲಿ? ಆಧಾರವೇ ಮನೆಯಲ್ಲಿಲ್ಲದ ಮೇಲೆ ದರವೂ ನಿಂತಲ್ಲೇ ನಿಂತಿತು.

ಎಂಟು ತಿಂಗಳ ಈ ನಿಶ್ಚಲತೆ ಆತಂಕಕಾರಿ ಎಂದು ಮೇಲಿನಿಂದ ಪತ್ರ ಬಂತು. ಈಗಿನ ಸಾಹೇಬರು ಕರೆದು ಕೇಳಿದಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು.

"ಹತ್ತೊಂಬತ್ತು ವರ್ಷ ಒಂದೇ ಪದ್ಧತಿ ಪಾಲಿಸಿದ್ದೀರಿ, ಅದು ಸರಿ. ಆದ್ರೆ ಆಧಾರ ಕೈ ಬಿಟ್ಟು ಹೋಗೋಕೆ ಬಿಟ್ರಲ್ಲ, ಇದು ಕರ್ತವ್ಯಲೋಪ ಕಣ್ರೀ. ನಡೀರಿ, ಕರ್ಕೊಂಡು ಬರೋಣ."

ಏಳು ರಿಜಿಸ್ಟರುಗಳನ್ನು ಆಫೀಸಿನ ಜೀಪಿಗೆ ಹೇರಿಕೊಂಡು ಹೊರಟೆವು. ಬಾಗಿಲು ತೆರೆದ ಭಾಮೈದ, "ಇದೇನು ಭಾವ, ಮೂಟೆ?" ಎಂದು ಕಣ್ಣು ಬಿಟ್ಟ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಸಾಹೇಬರು ಫೈಲು ಬಿಡಿಸಿ, "ದೇಶದ ಹಿತದೃಷ್ಟಿಯಿಂದ ತಾವು ಸ್ವಗೃಹಕ್ಕೆ ಮರಳಬೇಕಾಗಿ ಕೋರಲಾಗಿದೆ" ಎಂದು ಓದಿದರು. ಅವಳು ಅವರ ಕಡೆ ತಿರುಗಿಯೂ ನೋಡದೆ ಮೊದಲ ರಿಜಿಸ್ಟರು ತೆರೆದಳು. ನಾನು ಪಕ್ಕದಲ್ಲಿ ನಿಂತು ಒಂದೊಂದು ಅಂಕಿ ಏಕೆ ಏರಿತು, ಏಕೆ ಇಳಿಯಿತು ಎಂದು ವಿವರಿಸುತ್ತ ಹೋದೆ. ಮೊದಲು ಅವಳಿಗೆ ನಗು ಬಂತು.

"ಕೊಡೆಗೆ ಬರೀ ಒಂದು ಪಾಯಿಂಟಾ? ಜಿಪುಣ."

ನನ್ನ ಜೀವಕ್ಕೆ ಹಾಯೆನಿಸಿತು. ಐದನೆಯ ರಿಜಿಸ್ಟರಿನ ನಡುವೆ ಅವಳ ಬೆರಳು ನಿಂತಿತು.

"ಇದ್ಯಾಕೆ ಇಷ್ಟು ಮೇಲೆ?"

"ಅದಾ!" ಅಂದೆ, ಉಬ್ಬಿಹೋಗಿ. "ಅದು ಇದುವರೆಗಿನ ಗರಿಷ್ಠ ದರ. ಆ ಆರು ದಿನ ನೀನು ತುಟಿ ಪಿಟಕ್ಕೆನ್ನಲಿಲ್ಲ. ಮನೆ ಎಷ್ಟು ನೆಮ್ಮದಿಯಾಗಿತ್ತು ಗೊತ್ತಾ?"

ಅವಳು ಆ ಪುಟದ ತಾರೀಕುಗಳನ್ನು ಒಂದೊಂದಾಗಿ ಓದಿದಳು.

"ಎದೇಲಿ ಗಂಟಿದೆ ಅಂತ ಡಾಕ್ಟರು ಪರೀಕ್ಷೆಗೆ ಕಳಿಸಿದ್ರು. ರಿಪೋರ್ಟು ಬರೋಕೆ ಆರು ದಿನ ಹಿಡೀತು. ಕೊನೆಗೆ ಏನೂ ಇಲ್ಲ ಅಂದ್ರು, ಬಿಡಿ. ದಿನಾ ಹೇಳೋಣ ಅಂತ ನಿಮ್ಮ ಮುಖ ನೋಡ್ತಿದ್ದೆ. ನೀವು ಖುಷಿಯಾಗಿದ್ರಿ."

ಅವಳು ಸಾಹೇಬರ ಜೇಬಿನಿಂದ ಪೆನ್ನು ತೆಗೆದು ಆ ಆರೂ ಅಂಕಿಗಳ ಮೇಲೆ ಗೀಟು ಎಳೆದಳು.

"ಅಯ್ಯೋ ತಾಯಿ, ಹಳೇ ದರ ತಿದ್ದೋ ಹಾಗಿಲ್ಲ!" ಸಾಹೇಬರು ತಲೆ ಮೇಲೆ ಕೈಹೊತ್ತು ಕೂತರು. "ಅದ್ರ ಮೇಲೆ ಪುಸ್ತಕ ಬಂದಾಗಿದೆ!"

"ಎಷ್ಟು ಅಂತ ಹೇಳು, ಅಷ್ಟೇ ಬರೀತೀನಿ" ಅಂದೆ ನಾನು. ಬುದ್ಧಿ ಎಲ್ಲಿ ಮೇಯುವುದಕ್ಕೆ ಹೋಗಿತ್ತೋ!

"ಈಗಲೂ ಅಂಕಿನೇ ಬೇಕಲ್ಲ ನಿಮಗೆ" ಎಂದವಳು ರಿಜಿಸ್ಟರು ಮುಚ್ಚಿ ಅಡುಗೆಮನೆಗೆ ಹೋದಳು.

ಎಲ್ಲ ಮುಗಿಯಿತು ಅಂದುಕೊಂಡೆ. ಭಾಮೈದ ನೆಲ ನೋಡುತ್ತ ನಿಂತಿದ್ದ. ಆ ಆರು ದಿನದ ಸಂಗತಿ ಅವನಿಗೆ ಗೊತ್ತಿತ್ತು ಎಂದು ಅವನ ಮುಖವೇ ಹೇಳುತ್ತಿತ್ತು. ನಾನೂ ಒಳಗೆ ಹೋದೆ. ಅವಳು ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತಿದ್ದಳು. ಅವಳ ಬೆನ್ನು ನೋಡಿ, ಅವಳಿಗೆ ಬಂದದ್ದು ಸಿಟ್ಟೋ ಅಳುವೋ ಗೊತ್ತಾಗಲಿಲ್ಲ. ನನಗೆ ಎಂದೂ ಗೊತ್ತಾಗಿರಲಿಲ್ಲ ಎಂಬುದು ಆಗ ಹೊಳೆಯಿತು.

"ಆ ಆರು ದಿನ ಏನೇನಾಯ್ತು?" ಎಂದು ಕೇಳಿದೆ.

ಅವಳು ನಲ್ಲಿ ನಿಲ್ಲಿಸಿದಳು. ತಿರುಗಿ, ಕಾಲಿನಿಂದ ಸ್ಟೂಲನ್ನು ನನ್ನ ಕಡೆ ತಳ್ಳಿದಳು.

"ಮೊದಲನೇ ದಿನ ಬಸ್ಸಲ್ಲಿ ಹೋದೆ. ಒಬ್ಬಳೇ" ಎಂದು ಶುರು ಮಾಡಿದಳು.

ಹೊರಗಿನಿಂದ ಸಾಹೇಬರು ಎರಡು ಸಲ ಕೂಗಿದರು. ಮೂರನೆಯ ಸಲ ಬಾಗಿಲಲ್ಲೇ ಬಂದು ನಿಂತು, ಕತ್ತಲಾಗುತ್ತಾ ಬಂತು, ಜೀಪು ಹೊರಡಬೇಕು, ಇನ್ನೆಷ್ಟು ಹೊತ್ತು ಎಂದು ಕೇಳಿದರು.

"ನೀವು ಹೊರಡಿ ಸಾರ್" ಅಂದೆ. "ನಮಗಿನ್ನೂ ಮೊದಲನೇ ದಿನವೇ ಮುಗಿದಿಲ್ಲ."