ಬಂಡೆ ಹಾದಿಯಲ್ಲಿ ಮೂವರು

ಕರೆದದ್ದು ಒಬ್ಬಳನ್ನು, ಹೊರಟು ನಿಂತವರು ಇಬ್ಬರು. ಬಾಲ್ಜಿಯಾಗೆ ಅಲ್ಲೇ ಮೈ ಉರಿದುಹೋಯಿತು. ರೌಶಾನಳ ಜೊತೆ ಒಂದು ಹಗಲು ಕಡಲಂಚಿನ ಬಂಡೆ ಹಾದಿಯಲ್ಲಿ ನಡೆದು ಬರಬೇಕು, ಇಬ್ಬರೇ ಇರುವಾಗ ಆ ಮಾತು ಕೇಳಬೇಕು ಅಂತ ತಿಂಗಳಿಂದ ಹವಣಿಸಿದ್ದಳು. ಈಗ ನೋಡಿದರೆ ಅತ್ತೆಯೂ ರಬ್ಬರ್ ಬೂಟು ಮೆಟ್ಟಿ, ಚಹಾದ ಫ್ಲಾಸ್ಕನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ!

"ನೀವ್ಯಾಕತ್ತೆ? ಮಂಡಿ ನೋವು ಅಂತಿದ್ರಿ?"

"ಮಂಡಿ ನಂದು ತಾನೆ? ನಡಿ, ನಡಿ. ಮಗೂನ ಆ ಕಡಿದಾದ ಜಾಗಕ್ಕೆ ಒಬ್ಬಳನ್ನೇ ಕಳಿಸ್ತೀನಾ?"

ಒಬ್ಬಳನ್ನೇ! ಹೆತ್ತವಳು ಜೊತೆಗಿದ್ದರೂ ಅದು ಲೆಕ್ಕಕ್ಕೇ ಇಲ್ಲ.

ಹೌದು, ರೌಶಾನ್ ಬಾಲ್ಜಿಯಾ ಹೆತ್ತ ಮಗಳೇ. ಆದರೆ ಚೊಚ್ಚಲ ಮಗು ಗಂಡನ ತಾಯಿಯ ಮಡಿಲಿಗೆ ಹೋಗುವುದು ಅವರ ಕಡೆ ಹಿಂದಿನಿಂದ ಬಂದ ಪದ್ಧತಿ. ನಲವತ್ತನೇ ದಿನಕ್ಕೆ ಅತ್ತೆ ಕೂಸನ್ನು ಎತ್ತಿಕೊಂಡು ಹೋದರು. ಅಂದಿನಿಂದ ಹುಡುಗಿಗೆ ಅಜ್ಜಿಯೇ ಅಮ್ಮ, ಅಪ್ಪ ಬರೀ ಅಣ್ಣ, ಬಾಲ್ಜಿಯಾ ಅತ್ತಿಗೆ. ಎರಡು ಬೀದಿ ಆಚೆಗೆ ಅತ್ತೆಯ ಮನೆ. ಹನ್ನೆರಡು ವರ್ಷ ಆ 'ಅತ್ತಿಗೆ'ಯನ್ನು ಕೇಳಿ ಕೇಳಿ ಅವಳ ಹೊಟ್ಟೆಯಲ್ಲಿ ಕೆಂಡ. ಈಗ ಗಂಡನಿಗೆ ದೂರದೂರಾದ ಅತಿರಾವ್‌ಗೆ ವರ್ಗವಾಗಿದೆ, ಬರುವ ವಾರ ಹೊರಡಬೇಕು. ಮಗಳು ಜೊತೆಗೆ ಬರುತ್ತಾಳೋ ಇಲ್ಲವೋ, ಅದೊಂದು ಗೊತ್ತಾಗಬೇಕು. ಗಂಡ ಮಹಾಶಯ "ಅಮ್ಮನ ಹತ್ರ ನಾನು ಹೇಗೆ ಕೇಳ್ಲಿ?" ಅಂದು ಜಾರಿಕೊಂಡಿದ್ದ.

ಬೆಳ್ಳಗಿನ ಸುಣ್ಣದ ಬಂಡೆಗಳು, ಕೆಳಗೆ ತಿಳಿಹಸಿರು ಕಾಸ್ಪಿಯನ್ ಕಡಲು. ಎಂಥಾ ಚೆಂದದ ದಿನ ಹಾಳಾಗುತ್ತಿತ್ತು! ಅತ್ತೆ ಮೇಕೆಯ ಹಾಗೆ ಮುಂದೆ ಮುಂದೆ. ಮಂಡಿ ನೋವು ಎತ್ತ ಹೋಯಿತೋ. ತಿರುವು ತಿರುವಿಗೂ ಹುಡುಗಿಗೆ ಉಪಚಾರ. "ಟೋಪಿ ಹಾಕ್ಕೋ, ಚಿನ್ನ. ಅಂಚಿಗೆ ಹೋಗ್ಬೇಡ. ಅತ್ತಿಗೆ ಕೈ ಹಿಡ್ಕೋಬೇಡ, ಅವಳೇ ಜಾರ್ತಾಳೆ."

ನೆರಳಿದ್ದ ಕಡೆ ಅತ್ತೆ ಚಹಾ ಬಗ್ಗಿಸಲು ಕೂತರು. ಬಾಲ್ಜಿಯಾ ಹುಡುಗಿಯನ್ನು ಪಕ್ಕಕ್ಕೆಳೆದು ಪಿಸುಗುಟ್ಟಿದಳು. "ನಮ್ಮ ಜೊತೆ ಅತಿರಾವ್‌ಗೆ ಬಂದ್ಬಿಡ್ತೀಯಾ? ಅಲ್ಲೇ ಇರೋದಕ್ಕೆ. ನೀನು ನನ್ನ ಮಗಳು ಕಣೇ."

"ಗೊತ್ತು," ಅಂದಳು ರೌಶಾನ್. ಮುಖ ಕೆಂಪಾಗಿತ್ತು. "ಊರಿಗೆಲ್ಲ ಗೊತ್ತು. ನನ್ನ ಕೊಡುವಾಗ ಬೇಡ ಅಂದ್ರಾ?"

"ಆಗ ಇಪ್ಪತ್ತು ವರ್ಷದ ಹುಡುಗಿ ನಾನು. ನನ್ನ ಮಾತು ಯಾರು ಕೇಳ್ತಿದ್ರು?"

"ಅಂದ್ರಾ, ಇಲ್ವಾ?"

"ಇಲ್ಲ."

"ಆಮೇಲೆ? ಒಂದ್ಸಲಾನಾದ್ರೂ? ಈಗ್ಲೂ ಪಿಸಿಪಿಸಿ ಅಂತೀರಲ್ಲ, ಕದ್ಕೊಂಡು ಹೋಗೋರ ಥರ! ಅಮ್ಮ ಅಲ್ಲೇ ಕೂತಿದ್ದಾಳೆ. ಅವಳಿಗೆ ಹೇಳಿ."

ಬಾಲ್ಜಿಯಾ ತಿರುಗಿದಳು. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ತರುವಂತಿಲ್ಲ, ಅತ್ತೆ ಸತ್ತ ಮೇಲೂ ತರುವಂತಿಲ್ಲ. ಅವಳ ಬಾಯಿಂದ ಮೊದಲು ಬಂದದ್ದೇ ಅದು.

"ಉರ್ಕಿಯಾ! ನನ್ನ ಮಗೂನ ಯಾಕೆ ಎತ್ಕೊಂಡು ಹೋದೆ? ಎದೆಹಾಲು ಕಟ್ಟಿ ಜ್ವರ ಬಂದು ಬಿದ್ದಿದ್ದೆ, ಗೊತ್ತಾ ನಿಂಗೆ? ನನ್ನ ಮಗಳನ್ನ ನಂಗೆ ಕೊಡು!"

ಅತ್ತೆಯ ಕೈಯಿಂದ ಬಟ್ಟಲು ಉರುಳಿತು. ಇನ್ನೇನು ಶಾಪ ಬಿತ್ತು ಅಂತ ಬಾಲ್ಜಿಯಾ ಹಲ್ಲು ಕಚ್ಚಿ ನಿಂತಳು. ಮುದುಕಿ ಶಾಪ ಹಾಕಲಿಲ್ಲ.

"ಮಗು ಬರ್ತೀನಿ ಅಂದ್ರೆ ಕರ್ಕೊಂಡು ಹೋಗು. ನೀನು ಮನೆಗೆ ಬಂದಾಗೆಲ್ಲ ಇವತ್ತು ಕೇಳ್ತಾಳೆ, ಇವತ್ತು ಕೇಳ್ತಾಳೆ ಅಂತ ಹೆದರ್ತಿದ್ದೆ. ಕೇಳಿದ್ರೆ ಕೊಟ್ಬಿಡ್ತಿದ್ದೆ ಕಣೇ. ನೀನು ಕೇಳ್ಲೇ ಇಲ್ಲ."

"ನಾನು ಬರಲ್ಲ," ಅಂದಳು ರೌಶಾನ್, ಮೂಗೊರೆಸಿಕೊಳ್ಳುತ್ತ. "ಆರು ವರ್ಷದವಳಿದ್ದಾಗ ಕೇಳಿದ್ರೆ ಓಡಿ ಬರ್ತಿದ್ದೆ. ಆಗ ನಂಗೂ ಕೋಪ ಇತ್ತು, ಅಳೂನೂ ಬರ್ತಿತ್ತು. ಈಗ ಇದೇ ನನ್ನ ಮನೆ."

ಅವಳು ಬಟ್ಟಲನ್ನು ಎತ್ತಿ ಚೀಲಕ್ಕೆ ಹಾಕಿ, ಮುದುಕಿಯ ಕೈ ಹಿಡಿದು ಎಬ್ಬಿಸಿದಳು. ಬೈಯಲು ಬಾಲ್ಜಿಯಾಗೆ ಇನ್ನು ಯಾರೂ ಉಳಿದಿರಲಿಲ್ಲ. ಹನ್ನೆರಡು ವರ್ಷ ಮುಚ್ಚಿಕೊಂಡಿದ್ದ ತನ್ನ ಬಾಯಿಗೇ ಹಿಡಿಶಾಪ ಹಾಕುತ್ತ ಅವರಿಬ್ಬರ ಹಿಂದೆ ನಡೆದಳು.