ಬಿಂದುಮಾಧವರಾಯರ ಜಿಂಕೆ

ಬಿಂದುಮಾಧವರಾಯರು ಸುಳ್ಳು ಹೇಳಲಾರದವರು. ಇದು ಹೊಗಳಿಕೆಯೆಂದು ಯಾರೂ ತಿಳಿಯಬಾರದು. ಧಾರವಾಡದ ನಮ್ಮ ಮಾಳಮಡ್ಡಿಯಲ್ಲಂತೂ ಯಾರೂ ಹಾಗೆ ತಿಳಿದಿರಲಿಲ್ಲ. ಕೆಲವರಿಗೆ ಬದನೆಕಾಯಿ ತಿಂದರೆ ಮೈ ತುರಿಸುತ್ತದಲ್ಲ, ಹಾಗೆ ಅವರ ಪ್ರಕೃತಿಗೆ ಸುಳ್ಳು ಒಗ್ಗುತ್ತಿರಲಿಲ್ಲ, ಅಷ್ಟೆ. ಅವರು ಓಣಿಯೊಳಗೆ ಕಾಲಿಟ್ಟರೆಂಬುದು ಎರಡು ಕುರುಹುಗಳಿಂದ ಎಲ್ಲರಿಗೂ ತಿಳಿಯುತ್ತಿತ್ತು: ಎಡಗಾಲನ್ನು ತುಸು ಒತ್ತಿ ಇಡುವ ದಾಪುಗಾಲಿನ ನಡಿಗೆ, ಮತ್ತು "ಇದ್ದದ್ದು ಇದ್ದಂಗ ಹೇಳ್ತೀನಿ" ಎಂಬ ಪೀಠಿಕೆ. ಆ ಪೀಠಿಕೆ ಕಿವಿಗೆ ಬಿದ್ದೊಡನೆ ಕಟ್ಟೆಯ ಮೇಲೆ ಕೂತವರು ಏನೋ ಕೆಲಸ ನೆನಪಾದವರಂತೆ ಒಬ್ಬೊಬ್ಬರಾಗಿ ಎದ್ದು ಒಳಗೆ ನಡೆಯುತ್ತಿದ್ದರು. ಲಗ್ನದ ಮಾತುಕತೆಗೆ ಅವರನ್ನು ಕರೆದೊಯ್ಯುವ ಧೈರ್ಯ ಯಾರಿಗೂ ಇರಲಿಲ್ಲ. ಒಮ್ಮೆ ಕರೆದೊಯ್ದಾಗ, ಹುಡುಗನ ನೌಕರಿಯ ಬಗ್ಗೆ ಕೇಳಿದ ಬೀಗರಿಗೆ ನೌಕರಿಯ ಜೊತೆಗೆ ಅವನ ಗೊರಕೆಯ ವಿಷಯವನ್ನೂ ವಿಶದವಾಗಿ ನಿರೂಪಿಸಿ ಬಂದಿದ್ದರು.

ಮೊದಲು ಅವರು ಶಾಲಾ ಮಾಸ್ತರರಾಗಿದ್ದರು. ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದ ದಿನ ಮುಖ್ಯಾಧ್ಯಾಪಕರು ಮೇಲಿನ ವರ್ಗದ ಜಾಣ ಹುಡುಗರನ್ನು ತಂದು ಇವರ ವರ್ಗದ ಮುಂದಿನ ಸಾಲಿನಲ್ಲಿ ಕೂಡಿಸಿದ್ದರು. ಕೇಳಿದ ಪ್ರಶ್ನೆಗೆಲ್ಲ ಉತ್ತರ ಪಟಪಟನೆ ಬಂತು. ಸಾಹೇಬರು ಸಂತುಷ್ಟರಾಗಿ, "ಮಾಸ್ತರ, ನಿಮ್ಮ ವರ್ಗ ಭಾಳ ಛಲೋ ಅದ" ಎಂದು ಬೆನ್ನು ತಟ್ಟಲು ಕೈಯೆತ್ತಿದರು. "ಇದ್ದದ್ದು ಇದ್ದಂಗ ಹೇಳ್ತೀನ್ರಿ ಸಾಹೇಬರ," ಎಂದರು ರಾಯರು, "ನನ್ನ ವರ್ಗ ಹಿಂದಿನ ಸಾಲಿನ್ಯಾಗ ಅದರಿ." ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ನೌಕರಿ ಹೋಯಿತು, ಕರಿಯ ಆಲ್ಪಾಕಾ ಕೋಟು ಉಳಿಯಿತು.

ಆ ಕೋಟನ್ನು ತೊಟ್ಟುಕೊಂಡೇ ಅವರು ಮೋಟಾರಿನ ಚಕ್ರ ಹಿಡಿದರು. ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ನೀಲಕಂಠಪ್ಪನವರ ಹಿತ್ತಲಲ್ಲಿ ಕೋಳಿಗಳು ಕಾವು ಕೂಡುತ್ತಿದ್ದ ಹಳೆಯ ಮಾಲುಗಾಡಿಯೊಂದಿತ್ತು: ಮುಂದೆ ಇಬ್ಬರು ಕೂಡುವಷ್ಟು ಗೂಡು, ಹಿಂದೆ ಹತ್ತಿ ಹೇರುವ ತೆರೆದ ಪೆಟ್ಟಿಗೆ. ರಾಯರು ಅದಕ್ಕೆ ಜೀವ ತುಂಬಿ ಧಾರವಾಡದಿಂದ ಹುಬ್ಬಳ್ಳಿಗೆ ಮಾಲು ಸಾಗಿಸತೊಡಗಿದರು. ಸೀಮೆಸುಣ್ಣ ಇರುತ್ತಿದ್ದ ಜೇಬಿನಲ್ಲಿ ನಟ್ಟು ಬಿಗಿಯುವ ಪಾನಾ ಸೇರಿತು. ಬ್ರಾಹ್ಮಣ ಗಾಡಿ ಹೊಡೆಯುತ್ತಾನೆಂದು ಓಣಿ ಮೂಗು ಮುರಿಯಿತಾದರೂ ಪೇಟೆಯಲ್ಲಿ ಅವರ ರೋಗವೇ ಅವರಿಗೆ ಭಾಗ್ಯವಾಯಿತು. "ಮಾಸ್ತರ ಗಾಡ್ಯಾಗ ಬಂದ ಹತ್ತಿ ತಿರಗಿ ತೂಗೂದು ಬ್ಯಾಡ್ರಿ," ಎನ್ನುತ್ತಿದ್ದರು ನೀಲಕಂಠಪ್ಪನವರು. "ತೊಯ್ದಿದ್ರ ಮೊದಲ ಅವರ ಬಾಯೇ ಹೇಳತೈತಿ."

ತಾಯಿಯಿಲ್ಲದ ಅವರನ್ನು ಸಾಕಿ ಬೆಳೆಸಿದವರು ಸೋದರತ್ತೆ ಅಂಬಾಬಾಯಿ. ಬಾಲವಿಧವೆ, ಮಡಿಯಲ್ಲಿ ಬೆಂಕಿ. ಮಠದ ಆರಾಧನೆಗೆ ಊರೆಲ್ಲ ಉಣ್ಣುವ ಅಡಿಗೆ ಅವರ ಕೈಯಿಂದಲೇ ಆಗಬೇಕು. ಅದೊಂದೇ ಅವರ ಬದುಕಿನ ಅಧಿಕಾರ, ಅದೊಂದೇ ಆನಂದ. ಚರ್ಮವೆಂದರೆ ಅವರಿಗೆ ಆಗದು. ಓಣಿಗೆ ನಳ ಬಂದಾಗ, ಅದರ ಹೊಟ್ಟೆಯಲ್ಲಿ ಚರ್ಮದ ಬಿಲ್ಲೆಯಿದೆಯೆಂದು ತಿಳಿದು ಆ ನೀರನ್ನು ಮುಟ್ಟದೆ ಬಾವಿಯಿಂದಲೇ ಸೇದಿದರು. ಟಾಂಗಾದ ಗಾದಿ ಚರ್ಮದ್ದು, ಆದ್ದರಿಂದ ಟಾಂಗಾ ವರ್ಜ್ಯ. ರೈಲಿನಲ್ಲಿ ಯಾರು ಯಾವಾಗ ಕೂತಿದ್ದರೋ, ಅದೂ ವರ್ಜ್ಯ. ಹಾಗಾದರೆ ಭಜನೆಯ ತಬಲಾ? ರಾಯರು ಒಮ್ಮೆ ಕೇಳಿಯೇಬಿಟ್ಟಿದ್ದರು. "ಅದು ದೇವರ ಸೇವಾ ಮಾಡ್ಯದೋ ಬಿಂದ್ಯಾ, ಶುದ್ಧ ಆಗ್ಯದ," ಎಂದು ಅತ್ಯಾ ಪ್ರಕರಣ ಮುಗಿಸಿದ್ದರು.

ಅಂಥ ಅತ್ಯಾರ ಕಣ್ಣಿಗೆ ಪೊರೆ ಬಂತು. ಉಪ್ಪು ಸಕ್ಕರೆ ತಿಳಿಯದಾಯಿತು. ಕೊನೆಗೆ ದೇವರ ಮುಂದೆ ದೀಪ ಹಚ್ಚಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡುವ ಸ್ಥಿತಿ ಬಂದಾಗ ರಾಯರು ಪೇಟೆಯಲ್ಲಿ ವಿಚಾರಿಸಿದರು. ಹುಬ್ಬಳ್ಳಿಯಲ್ಲಿ ಒಬ್ಬ ಕಣ್ಣಿನ ಡಾಕ್ಟರರಿದ್ದರು. ವೈದ್ಯೋ ನಾರಾಯಣೋ ಹರಿಃ ಎಂದು ಅತ್ಯಾ ಡಾಕ್ಟರರ ಸ್ಪರ್ಶಕ್ಕೆ ಒಪ್ಪಿದರು. ಮಾಸ್ತರ ಗಾಡಿಯ ಸೀಟು ಬರೀ ಹಲಗೆ, ಕಟ್ಟಿಗೆಗೆ ದೋಷವಿಲ್ಲವೆಂದು ಗಾಡಿಗೂ ಒಪ್ಪಿದರು. ತಗ್ಗು ಬಂದಲ್ಲೆಲ್ಲ ಮೊಳದೆತ್ತರ ಹಾರಿ ಬಿದ್ದು "ಕೃಷ್ಣಾ" ಎನ್ನುತ್ತ ಹುಬ್ಬಳ್ಳಿ ಮುಟ್ಟಿದರು.

ಶಸ್ತ್ರಕ್ರಿಯೆ ಸಾಂಗವಾಗಿ ಆಯಿತು. ಆದರೆ ಆಸ್ಪತ್ರೆಯಲ್ಲಿ ಮಡಿಯ ಅಡಿಗೆ ಎಲ್ಲಿಯದು? ಹಾಲು ಹಣ್ಣಿನ ಮೇಲೆ ದಿನ ನೂಕುತ್ತ ಅತ್ಯಾ ಸೊರಗಿದರು. ಮನೆಗೆ ಒಯ್ಯಿರೆಂದು ಡಾಕ್ಟರರೇ ಹೇಳಿದರು, ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟರು: "ತುಂಬಿದ ಕೊಡ ಒಯ್ದಂಗ ಒಯ್ಯಬೇಕ್ರಿ. ಒಂದು ಜೋರಾದ ಕುಲುಕು ಬಿತ್ತಂದ್ರ ಆ ಕಣ್ಣು ಹೋತು ಅಂತ ತಿಳೀರಿ."

ರಾಯರು ನೇರವಾಗಿ ಗೌಸಮೊದ್ದೀನನ ಮೋಟಾರು ರಿಪೇರಿಯ ಛಪ್ಪರಕ್ಕೆ ಹೋದರು. ಅಲ್ಲಿ ಯಾವುದೋ ಸಂಸ್ಥಾನದ ಒಂದು ಭಾರೀ ಕಾರು ಮರಕ್ಕೆ ಗುದ್ದಿ, ಎಂಜಿನ್ನು ಕಳೆದುಕೊಂಡು ಬಿದ್ದಿತ್ತು. ಆದರೆ ಅದರ ಸೀಟು! ದ್ರಾಕ್ಷಿಯ ಬಣ್ಣದ ಚರ್ಮ, ಒತ್ತಿದರೆ ಅಂಗೈಯನ್ನು ಮೆಲ್ಲಗೆ ಮೇಲಕ್ಕೆತ್ತುವ ಸ್ಪ್ರಿಂಗು. "ಇದನ್ನ ನನ್ನ ಗಾಡಿಗೆ ಕೂಡಸೋಣು," ಎಂದರು ರಾಯರು, ಆಗದು ಎಂಬ ಮಾತೇ ಲೋಕದಲ್ಲಿ ಇಲ್ಲವೆಂಬಂತೆ. ಆಗದಿರಲು ಕಾರಣಗಳು ಬೇಕಾದಷ್ಟಿದ್ದವು. ಹಲಗೆ ಕಿತ್ತು ಸೀಟನ್ನಿಟ್ಟರೆ ತಲೆ ಮಾಡಿಗೆ ತಾಗಿತು. ಕೆಳಗಿನ ಕಟ್ಟಿಗೆಯ ಪೆಟ್ಟಿಗೆಯನ್ನು ಕೊಯ್ದು ತಗ್ಗಿಸಿದರು. ಕಾರಿನ ತೂತಿಗೂ ಗಾಡಿಯ ತೂತಿಗೂ ಹೊಂದಲಿಲ್ಲ; ಬೈರಿಗೆ ಹಿಡಿದು ಹೊಸ ತೂತು ಕೊರೆದರು. ಬೆನ್ನಿನ ಭಾಗ ಹರಿದಿದ್ದಲ್ಲಿ, ಕೋಟು ತೆಗೆದು ಗೂಟಕ್ಕೆ ಹಾಕಿ, ದಬ್ಬಳ ಹಿಡಿದು ಸ್ವತಃ ರಾಯರೇ ಹೊಲಿದರು. ಕೊನೆಗೆ ಪರೀಕ್ಷೆ: ಕಂಠಮಟ್ಟ ನೀರು ತುಂಬಿದ ತಂಬಿಗೆಯನ್ನು ಸೀಟಿನ ಮೇಲಿಟ್ಟು, ಗೌಸಮೊದ್ದೀನನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬೈರಿದೇವರಕೊಪ್ಪದ ತನಕ ಹೋಗಿ ಬಂದರು. ತಂಬಿಗೆಯ ಕಂಠ ಒದ್ದೆಯಾಗಿತ್ತು, ಅಷ್ಟೆ. ನೀರು ನೀರಿದ್ದಲ್ಲೇ ಇತ್ತು. ಗೌಸಮೊದ್ದೀನ ಆ ನೀರನ್ನೇ ಗಟಗಟ ಕುಡಿದು ಮೀಸೆ ಒರೆಸಿಕೊಂಡು ಕೇಳಿದ: "ಎಲ್ಲಾ ಛಲೋ ಆತು ರಾಯರ. ಆದ್ರ ಅಮ್ಮಾರು ಚರ್ಮದ ಮ್ಯಾಲೆ ಕೂಡ್ತಾರೇನ್ರಿ?"

ಅಲ್ಲಿಯವರೆಗೆ ರಾಯರು ನೆನೆದದ್ದೆಲ್ಲ ಸ್ಪ್ರಿಂಗನ್ನು. ಚರ್ಮವನ್ನು ಕೈಯಾರೆ ಹೊಲಿದರೂ ಅದು ಚರ್ಮವೆಂಬುದು ತಲೆಗೆ ಹೊಕ್ಕಿರಲಿಲ್ಲ. ಅವರು ಮಂಕಾದದ್ದನ್ನು ಕಂಡು ಗೌಸಮೊದ್ದೀನನೇ ದಾರಿ ತೋರಿದ: "ಕಣ್ಣಿಗೆ ಪಟ್ಟಿ ಕಟ್ಟಿರ್ತಾರ. ಮ್ಯಾಲೊಂದು ಕಂಬಳಿ ಹಾಸೂಣು. ಯಾರಿಗೆ ಗೊತ್ತಾಗ್ತೈತಿ?"

"ನನಗ ಗೊತ್ತಾಗ್ತದಲ್ಲಪಾ," ಎಂದರು ರಾಯರು.

ಆಸ್ಪತ್ರೆಯ ಬಾಗಿಲಿಗೆ ಗಾಡಿ ಬಂತು. ರಾಯರು ಕೈ ಹಿಡಿದು ಕರೆತಂದ ಅತ್ಯಾ, ಹತ್ತುವ ಮೊದಲು ಸೀಟಿನ ಮೇಲೆ ಅಂಗೈಯಿಟ್ಟರು; ಸವರಿದರು; ಮೂಗರಳಿಸಿದರು. ಕೈ ಹಿಂದೆ ಬಂತು.

"ಜಿಂಕೀ ಚರ್ಮ ಇರಬೇಕು," ಎಂದರು ಅತ್ಯಾ ನಿಧಾನವಾಗಿ. "ಕೃಷ್ಣಾಜಿನ. ಋಷಿಗಳು ಅದರ ಮ್ಯಾಲೇ ಕೂತು ತಪಸ್ಸು ಮಾಡ್ಯಾರ. ಅದಕ್ಕ ದೋಷ ಇಲ್ಲ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಪಾರಾಗುವ ಬಾಗಿಲನ್ನು ಅತ್ಯಾರೇ ತೆರೆದುಕೊಟ್ಟಿದ್ದರು. ಆದರೆ ರಾಯರ ಬಾಯಿ ಅವರ ಮಾತು ಯಾವಾಗ ಕೇಳಿತ್ತು? "ಇದ್ದದ್ದು ಇದ್ದಂಗ ಹೇಳ್ತೀನಿ ಅತ್ಯಾ. ಇದು ದನದ ಚರ್ಮ. ಒಂದು ಹಳೀ ಮೋಟಾರಿಂದು."

ಅತ್ಯಾ ಗಾಳಿಗೆ ಆಡುತ್ತಿದ್ದ ಕೆಂಪು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಆಮೇಲೆ ಕಿಡಿ ಸಿಡಿಯಿತು: "ನಿನ್ನ ಯಾರು ಕೇಳಿದ್ರೋ ಮೂರ್ಖಾ? ನಾ ಜಿಂಕೀದು ಅಂದೆ, ಜಿಂಕೀದು. ಕುರುಡಿಯಾಗಿ ಸಾಯಲಿಕ್ಕೆ ನನಗ ಮನಸಿಲ್ಲ. ನನಗ ಕೃಷ್ಣನ ಮಾರಿ ನೋಡಬೇಕಾಗ್ಯದ. ಬಾಯಿ ಮುಚ್ಚಿ ಗಾಡಿ ನಡಸು." ಹೀಗೆಂದು ಹತ್ತಿ ಕೂತರು. ರಾಯರು ಅಂದು ಎಷ್ಟು ಮೆಲ್ಲಗೆ ನಡೆಸಿದರೆಂದರೆ, ಹಿಂದಿನಿಂದ ಬಂದ ಚಕ್ಕಡಿಯವನು ಪಕ್ಕಕ್ಕೆ ಹಾಯ್ದು, "ಮಾಸ್ತರ, ಎರಡು ಎತ್ತು ಬಿಚ್ಚಿಕೊಡ್ಲೇನ್ರಿ?" ಎಂದು ಕೇಳಿ ಮುಂದೆ ಹೋದ.

ಕಣ್ಣು ಬಂತು. ಅತ್ಯಾ ಕೃಷ್ಣನ ಮುಖ ನೋಡಿ ಮನಸಾರೆ ಅತ್ತರು. ಆದರೆ ಓಣಿಗೂ ಕಣ್ಣಿತ್ತು. ಎಲ್ಲರ ಮಡಿಯ ಕಾವಲು ಕಾಯುವ ಎದುರುಮನೆಯ ಗೋದಾಬಾಯಿ, ಆರಾಧನೆ ಹತ್ತಿರ ಬಂದಾಗ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ರಾಯರ ಮನೆಯೆದುರಿನ ಗಾಡಿಯ ಮುಂದೆ ಬಂದು ನಿಂತರು. "ಅಂಬಾ, ನೀ ಚರ್ಮದ ಮ್ಯಾಲೆ ಕೂತು ಬಂದೀಯಂತ. ಇನ್ನ ಮಠದ ಅಡಿಗೀಗೆ ನಿನ್ನ ಹೆಂಗ ಕರೀಬೇಕು?"

"ಅದು ಜಿಂಕೀದು," ಎಂದರು ಅತ್ಯಾ.

"ನಿನ್ನ ಮಾತು ಯಾಕ? ಬಿಂದೂ ಹೇಳಲಿ. ಅವ ಹುಟ್ಟಾ ಸುಳ್ಳು ಹೇಳಿದವ ಅಲ್ಲ."

ಎಲ್ಲರೂ ರಾಯರತ್ತ ತಿರುಗಿದರು. ಅವರು ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ಅತ್ಯಾ ಅವರನ್ನು ನೋಡಲಿಲ್ಲ. ಹೊಸದಾಗಿ ಬಂದ ಕಣ್ಣುಗಳನ್ನು ನೆಲಕ್ಕೆ ನೆಟ್ಟು ನಿಂತಿದ್ದರು. ಮೈಮೇಲೆ ಬಿಸಿನೀರು ಬಿದ್ದವರಂತೆ ರಾಯರ ಮುಖ ಕೆಂಪಾಯಿತು.

"ಜಿಂಕೀದು," ಎಂದರು.

ಗೋದಾಬಾಯಿ ಬಗ್ಗಿ ಸೀಟನ್ನು ಈ ತುದಿಯಿಂದ ಆ ತುದಿಗೆ ನೋಡಿದರು. "ಇಷ್ಟು ದೊಡ್ಡ ಜಿಂಕಿ?"

"ದೊಡ್ಡದಿತ್ತು."

ಓಣಿ ನಂಬಿತು. ಆ ವರ್ಷದ ಆರಾಧನೆಗೂ ಅಂಬಾಬಾಯಿಯವರ ಕೈಯ ಸಾರನ್ನೇ ಊರು ಉಂಡಿತು. ಅಂದು ಹೆಂಗಸರೆಲ್ಲ ಹೋದ ಮೇಲೆ ಅತ್ಯಾ ಹತ್ತಿರ ಬಂದು, "ನನ್ನ ಸಲುವಾಗಿ ಬಾಯಿ ಹೊಲಸು ಮಾಡಿಕೊಂಡ್ಯಲ್ಲೋ ಬಿಂದ್ಯಾ," ಎಂದಾಗ ರಾಯರು, "ಕಣ್ಣು ಬಂತಲ್ಲ, ಬಿಡು," ಎಂದಿದ್ದರಂತೆ.

ಇಂಥವರು ಓಣಿಗೊಬ್ಬರಿದ್ದರೆ ತ್ರಾಸು ತಪ್ಪಿದ್ದಲ್ಲ. ಅವರ ಬಾಯಿಗೆ ಹೆದರಿ ನಾವು ದಾರಿ ಬದಲಿಸುತ್ತೇವೆ, ಲಗ್ನಕ್ಕೆ ಕರೆಯುವುದಿಲ್ಲ, ನೌಕರಿಯಿಂದ ತೆಗೆಯುತ್ತೇವೆ. ಆದರೆ ನಿತ್ಯ ಸುಳ್ಳಾಡುವ ನಾವು ಒಂದು ಜೀವದ ಮಾನ ಉಳಿಸಬೇಕಾಗಿ ಬಂದ ಗಳಿಗೆಯಲ್ಲಿ ಸುಳ್ಳಾಡಿದರೆ ಯಾರು ನಂಬುತ್ತಾರೆ? ಬದುಕಿಡೀ ನಿಜವನ್ನೇ ಆಡಿ ಒದೆ ತಿಂದವನ ಬಾಯಿಂದ ಬಂದರೆ ಮಾತ್ರ ದನವೂ ಜಿಂಕೆಯಾದೀತು. ಅಂದು ರಾಯರು ತಮ್ಮ ಪೀಠಿಕೆಯನ್ನು ಹೇಳದೆಯೇ ಮಾತಾಡಿದ್ದರು. ಅಷ್ಟು ಜನರಲ್ಲಿ ಅದನ್ನು ಗಮನಿಸಿದವರು ಅತ್ಯಾ ಒಬ್ಬರೇ.